ತೇಲದ ಮೊಟ್ಟೆ

ನಾನು ನಿಂತಿದ್ದದ್ದು ನಮ್ಮ ಆಸ್ಪತ್ರೆಯ ಪ್ರಯೋಗಾಲಯದ ಪೂರ್ವದ ಕಿಟಕಿಯ ಮುಂದೆ. ಸೋಮವಾರ, ಬೆಳಿಗ್ಗೆ ಹತ್ತೂವರೆ ದಾಟಿ ಕೆಲವು ನಿಮಿಷ. ತುಲಾ ಮಾಸದ ಮಳೆ ಹಿಂದಿನ ವಾರವಷ್ಟೇ ನಿಂತಿತ್ತು. ಕುಳಿತಿರಲಿಲ್ಲ, ಏಕೆಂದರೆ ಕರೆಂಟು ಹೋಗಿತ್ತು. ಕರೆಂಟು ಹೋದಾಗ ಹಳೆಯ ಸೂಕ್ಷ್ಮದರ್ಶಕವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿ, ನಿಂತೇ ನೋಡಬೇಕು. ಗಡಿಯ ತೋಲ್ಪೆಟ್ಟಿ ಕಡೆಗೆ ಹೋಗುವ ಬಸ್ಸು ಆಗಷ್ಟೇ ಗೇಟಿನೆದುರು ಹಾದುಹೋಗಿತ್ತು. ಇಷ್ಟನ್ನೆಲ್ಲ ಹೇಳುವುದು ಯಾಕೆಂದರೆ, ಏನು ಕಂಡೆ, ಎಷ್ಟು ಬೆಳಕಿನಲ್ಲಿ ಕಂಡೆ ಎಂದು ಆಮೇಲೆ ನನ್ನನ್ನು ನಾನೇ ಹಲವು ಸಲ ಕೇಳಿಕೊಂಡಿದ್ದೇನೆ.

ಗಾಜಿನ ಪಟ್ಟಿಯ ಮೇಲಿದ್ದದ್ದು ಇಪ್ಪತ್ತಾರು ವರ್ಷದ ಒಬ್ಬ ಹೆಂಗಸಿನ ರಕ್ತ. ತಂದುಕೊಟ್ಟವರು ನಮ್ಮ ಪಾಲಿಯೇಟಿವ್ ನರ್ಸ್, ಗುಣವಾಗದ ಕಾಯಿಲೆಯವರ ಮನೆಗಳಿಗೆ ಜೀಪಿನಲ್ಲಿ ಹೋಗಿ ನೋವು ತಗ್ಗಿಸಿ ಬರುವವರು. ಹೆಂಗಸು ಕಾಡಿನಂಚಿನ ಬುಡಕಟ್ಟಿನ ಹಾಡಿಯವಳು, ಗದ್ದೆ ಕೂಲಿ ಮಾಡುವವಳು. ಗಂಡ ಅರಣ್ಯ ಇಲಾಖೆಯಲ್ಲಿ ಬೆಂಕಿ ಕಾವಲುಗಾರ. ಮೂರು ತಿಂಗಳಿಂದ ಆಕೆಗೆ ಬಿಟ್ಟು ಬಿಟ್ಟು ಜ್ವರ, ಬಲಪಕ್ಕೆಯ ಕೆಳಗೆ ನೋವು. ಮೈ ಅರ್ಧಕ್ಕೆ ಇಳಿದಿತ್ತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಯಕೃತ್ತಿನಲ್ಲಿ ಅಲ್ಲಲ್ಲಿ ಕಪ್ಪು ಮಚ್ಚೆಗಳಿವೆ, ಎಲ್ಲಿಂದಲೋ ಹರಡಿದ ಗಡ್ಡೆ ಇರಬಹುದು, ಸೂಜಿ ಹಾಕಿ ತುಣುಕು ತೆಗೆದು ನೋಡಬೇಕು ಎಂದಿದ್ದರು. ಆ 'ಇರಬಹುದು' ಎಂಬ ಮಾತು ಘಟ್ಟ ಹತ್ತುವಷ್ಟರಲ್ಲಿ ಉದುರಿಹೋಗಿತ್ತು. ಹಾಡಿಗೆ ತಲುಪಿದ್ದು ಕ್ಯಾನ್ಸರ್ ಎಂಬ ಪದ ಮಾತ್ರ. ಸೂಜಿಗೆ ಕೊಟ್ಟ ದಿನ ಅದೇ ವಾರದ ಶುಕ್ರವಾರ. ಆಕೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು.

"ಹಾಲು ಬಿಡಿಸ್ತಾ ಇದ್ದಾಳೆ," ಎಂದಿದ್ದರು ನರ್ಸ್, ಬೆಳಿಗ್ಗೆ ರಕ್ತದ ನಳಿಕೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ. ಅವರು ಮಲಯಾಳಂನಲ್ಲಿ ಹೇಳಿದ್ದು. ಆಸ್ಪತ್ರೆಯೊಳಗಿನ ನಮ್ಮ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಡಿಯವರು ಆಡುವುದು ಮಾತ್ರ ಕನ್ನಡವೇ. "ಒಂದೂವರೆ ವರ್ಷದ ಹೆಣ್ಣುಮಗು. ಎದೆಗೆ ಚೆನ್ನಿನಾಯಕಂ ಹಚ್ಚಿಕೊಂಡು ಕೂತಿದ್ದಾಳೆ. ಯಾಕಮ್ಮಾ ಇಷ್ಟು ಬೇಗ ಅಂದರೆ, ಈಗಲೇ ರೂಢಿ ಆಗಲಿ, ನಾನು ಹೋದ ಮೇಲೆ ಅತ್ತೆಗೆ ಕಷ್ಟ ಆಗಬಾರದು ಅಂತಾಳೆ."

ಚೆನ್ನಿನಾಯಕಂ ಎಂದರೆ ಲೋಳೆಸರದ ರಸವನ್ನು ಒಣಗಿಸಿದ ಕಪ್ಪು ಗಟ್ಟಿ. ಅದರಷ್ಟು ಕಹಿಯಾದದ್ದು ಅಂಗಡಿಯಲ್ಲಿ ಬೇರೆ ಸಿಗುವುದಿಲ್ಲ. ಮಗು ಒಂದೆರಡು ಸಲ ಬಾಯಿ ಹಾಕಿ, ಅತ್ತು, ಆಮೇಲೆ ತಾಯಿಯ ಎದೆಯತ್ತ ನೋಡುವುದನ್ನೇ ಬಿಡುತ್ತದೆ.

ರಕ್ತದ ಲೇಪಕ್ಕೆ ಬಣ್ಣ ಹಾಕಿ, ತೊಳೆದು, ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಿಳಿ ರಕ್ತಕಣಗಳನ್ನು ಎಣಿಸತೊಡಗಿದೆ. ನೂರು ಎಣಿಸಬೇಕು. ಅವುಗಳಲ್ಲಿ ಒಂದು ಜಾತಿಯ ಕಣದೊಳಗೆ ಕಿತ್ತಳೆ ಬಣ್ಣದ ಕಾಳುಗಳಿರುತ್ತವೆ, ಇಯೊಸಿನೊಫಿಲ್ ಎನ್ನುತ್ತೇವೆ. ಮೈಯಲ್ಲಿ ಹುಳುವಿದ್ದರೆ, ಅಲರ್ಜಿಯಿದ್ದರೆ ಅವು ಹೆಚ್ಚುತ್ತವೆ. ನೂರಕ್ಕೆ ನಾಲ್ಕೈದು ಇರಬೇಕಾದಲ್ಲಿ ನನಗೆ ಸಿಕ್ಕಿದ್ದು ನಲವತ್ತೆರಡು. ಮತ್ತೊಮ್ಮೆ ಎಣಿಸಿದೆ. ನಲವತ್ತನಾಲ್ಕು.

ಆಗ ಹಳೆಯ ರಿಜಿಸ್ಟರು ತೆಗೆದೆ. ಮೂರು ತಿಂಗಳ ಹಿಂದೆ, ಜ್ವರ ಶುರುವಾದಾಗ, ಆಕೆ ಮೊದಲು ಬಂದದ್ದು ನಮ್ಮಲ್ಲಿಗೇ. ಸಾಲಿನಲ್ಲಿ ನನ್ನ ಅಕ್ಷರ: ಇಯೊಸಿನೊಫಿಲ್ ಇಪ್ಪತ್ತೆಂಟು. ಡಾಕ್ಟರ ಗಮನಕ್ಕೆಂದು ಅದರ ಕೆಳಗೆ ಗೆರೆ ಎಳೆದಿರಲಿಲ್ಲ. ಇಲ್ಲಿ ಬರಿಗಾಲಲ್ಲಿ ಗದ್ದೆಗಿಳಿಯುವವರಲ್ಲಿ ಕೊಕ್ಕೆಹುಳು ಹೊಸದಲ್ಲ, ಆ ಸಂಖ್ಯೆ ನನ್ನ ಕಣ್ಣಿಗೆ ಒಗ್ಗಿಹೋಗಿತ್ತು. ಪಕ್ಕದಲ್ಲೇ ಮಲ ಪರೀಕ್ಷೆ: 'ಹುಳುವಿನ ಮೊಟ್ಟೆ ಕಂಡುಬಂದಿಲ್ಲ.' ಕೆಳಗೆ ನನ್ನ ಸಹಿ.

ಆ ಪರೀಕ್ಷೆ ಹೇಗೆ ಮಾಡಿದ್ದೆನೆಂದು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಯಾವಾಗಲೂ ಒಂದೇ ರೀತಿ ಮಾಡುವುದು. ಮಲವನ್ನು ಗಟ್ಟಿ ಉಪ್ಪುನೀರಿನಲ್ಲಿ ಕಲಸಿದರೆ ಕೊಕ್ಕೆಹುಳುವಿನ ಹಗುರ ಮೊಟ್ಟೆಗಳು ಮೇಲಕ್ಕೆ ತೇಲಿ, ಮುಚ್ಚಿದ ಗಾಜಿಗೆ ಅಂಟಿಕೊಳ್ಳುತ್ತವೆ. ಅಚ್ಚುಕಟ್ಟಾದ ಕೆಲಸ, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಎಲ್ಲ ಮೊಟ್ಟೆಗಳೂ ತೇಲುವುದಿಲ್ಲ. ದನಗಳ ಯಕೃತ್ತಿನಲ್ಲಿ ಬೆಳೆಯುವ ಎಲೆಯಾಕಾರದ ಚಪ್ಪಟೆ ಹುಳುವಿನ ಮೊಟ್ಟೆ ದೊಡ್ಡದು, ಭಾರ, ಅದು ತಳಕ್ಕಿಳಿಯುತ್ತದೆ. ಇದನ್ನು ಓದುವ ಕಾಲದಲ್ಲಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಕೆಲಸಕ್ಕೆ ಸೇರಿದ ಮೇಲೆ ಮನುಷ್ಯರಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಾಣದ್ದನ್ನು ಹುಡುಕುವುದನ್ನೂ ಬಿಟ್ಟಿದ್ದೆ.

ನರ್ಸ್ ಫಲಿತಾಂಶಕ್ಕೆಂದು ಮತ್ತೆ ಬಾಗಿಲಿಗೆ ಬಂದರು. "ನಾಳೆ ಆಕೆಯ ಮಲ ತರಿಸಿಕೊಡ್ತೀರಾ?" ಎಂದೆ.

"ಸಾಯ್ತೀನಿ ಅಂತಿರೋಳ ಹತ್ತಿರ ಅದನ್ನ ಕೇಳಲಾ?"

"ಕೇಳಿ. ನಾನು ಕೇಳಿದೆ ಅಂತಲೇ ಹೇಳಿ."

ಮಂಗಳವಾರ ಮಾದರಿ ಬಂತು. ಈ ಸಲ ಉಪ್ಪುನೀರು ಮುಟ್ಟಲಿಲ್ಲ. ಮಲವನ್ನು ಬರೀ ನೀರಿನಲ್ಲಿ ಕದಡಿ, ಬಲೆಬಟ್ಟೆಯಲ್ಲಿ ಸೋಸಿ, ಕೆಳಗೆ ಚೂಪಾಗುವ ಎತ್ತರದ ಗಾಜಿನ ಲೋಟಕ್ಕೆ ಹಾಕಿದೆ. ಅದು ತಳಕ್ಕಿಳಿಯುವವರೆಗೆ ಕಾಯಬೇಕು. ಮೇಲಿನ ಕಲಕು ನೀರನ್ನು ಮೆಲ್ಲಗೆ ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕಾಯಬೇಕು. ನೀರು ತಿಳಿಯಾಗುವ ತನಕ ಐದು ಸಲ ಮಾಡಿದೆ. ಕೊನೆಗೆ ಉಳಿದ ಒಂದು ಚಮಚೆಯಷ್ಟು ಗಸಿಗೆ ಒಂದು ಹನಿ ನೀಲಿ ಬಣ್ಣ. ಕಸವೆಲ್ಲ ನೀಲಿಯಾಗುತ್ತದೆ, ಹುಡುಕುತ್ತಿರುವ ಮೊಟ್ಟೆ ಇದ್ದರೆ ಅದು ಬಣ್ಣ ಹೀರದೆ ತನ್ನ ಹಳದಿಯಲ್ಲೇ ಉಳಿಯುತ್ತದೆ.

ಮೂರನೆಯ ಪಟ್ಟಿಯಲ್ಲಿ ಅದು ಇತ್ತು. ನೀಲಿ ಕಸದ ನಡುವೆ ಒಂದು ದೊಡ್ಡ ಹೊನ್ನಿನ ಅಂಡ, ಒಂದು ತುದಿಯಲ್ಲಿ ಕಂಡೂ ಕಾಣದಂಥ ಮುಚ್ಚಳ. ಅವಸರದಲ್ಲಿ ನನ್ನ ಕೈ ಮೇಜಿಗೆ ತಾಗಿತು, ಮೊಟ್ಟೆ ದೃಷ್ಟಿಯಿಂದ ಜಾರಿಹೋಯಿತು. ಮತ್ತೆ ಹಿಡಿಯಲು ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ.

ರಸ್ತೆಯಾಚೆ ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರಿದ್ದರು, ನಿವೃತ್ತಿಗೆ ಹತ್ತಿರವಾದವರು. ಓಡಿಹೋಗಿ ಕರೆತಂದೆ. ಅವರು ಕನ್ನಡಕ ಹಣೆಗೇರಿಸಿ ಕಣ್ಣಿಟ್ಟರು.

"ನನ್ನ ಮೇಜಿಗೆ ಬರಬೇಕಾದ್ದು ನಿನ್ನ ಮೇಜಿಗೆ ಯಾಕೆ ಬಂತಯ್ಯಾ? ಯಾರ ಮನೆ ಹಸು ಇದು?"

"ಹಸು ಅಲ್ಲ. ಮನುಷ್ಯರದು."

ಅವರು ಕಣ್ಣು ತೆಗೆಯಲಿಲ್ಲ. "ಎಲೆಹುಳುವಿನದೇ. ಅದರಲ್ಲಿ ಅನುಮಾನ ಬೇಡ, ಮೂವತ್ತು ವರ್ಷದಿಂದ ಇದರ ಜೊತೆ ಸಂಸಾರ ನನ್ನದು." ಆಮೇಲೆ ನೇರವಾಗಿ ನಿಂತು, ಬಹಳ ನಿಧಾನವಾಗಿ ಕೇಳಿದರು, "ಆಕೆ ಈ ವಾರ ಲಿವರ್ ತಿಂದಿದ್ದಾಳಾ?"

ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ರೋಗ ಹಿಡಿದ ಪ್ರಾಣಿಯ ಯಕೃತ್ತಿನಲ್ಲಿ ಈ ಮೊಟ್ಟೆಗಳು ಸಾವಿರಗಟ್ಟಲೆ ಇರುತ್ತವೆ. ಬೇಯಿಸಿ ತಿಂದರೂ ಅವು ಕರಗದೆ, ಹೊಟ್ಟೆಯಲ್ಲಿ ಹಾದು, ಹಾಗೇ ಹೊರಬರುತ್ತವೆ. ತಿಂದವರಿಗೆ ರೋಗವಿರುವುದಿಲ್ಲ, ಮೊಟ್ಟೆ ಬರೀ ದಾರಿಹೋಕ. ಹಾಗಾದರೆ ನಾನು ಕಂಡದ್ದು ಆಕೆಯ ಹುಳುವಿನದೋ, ಯಾವುದೋ ಆಡಿನದೋ?

ಬುಧವಾರ ನರ್ಸ್ ಜೊತೆ ಜೀಪು ಹತ್ತಿ ಹಾಡಿಗೆ ಹೋದೆ. ಆಕೆ ಗೋಡೆಗೊರಗಿ ಕುಳಿತಿದ್ದಳು. ಮಗು ಅಂಗಳದಾಚೆ ಅಜ್ಜಿಯ ಸೊಂಟದ ಮೇಲಿತ್ತು. ಒಳಗೆ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು, ಮೆಣಸಿನ ಪರಿಮಳ. ಪಾತ್ರೆಯಲ್ಲಿ ಏನೆಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

"ಆಡಿನ ಲಿವರ್ರು, ಸಾರೇ," ಎಂದಳು ಅತ್ತೆ, ಒಳ್ಳೆಯ ಕೆಲಸ ಮಾಡಿದವರ ದನಿಯಲ್ಲಿ. "ಮಗ ಕುಟ್ಟದ ಪ್ಯಾಟೆಯಿಂದ ವಾರಕ್ಕೆ ಎಲ್ಡು ಸಲ ತಂದ್ಕೊಡ್ತಾನೆ. ಇವ್ಳಿಗೆ ಲಿವರ್ ಕೆಟ್ಟೋಗ್ಯದೆ ಅಂದ್ರಲ್ಲ, ಕೆಟ್ಟದ್ದನ್ನ ಅದೇ ತಾನೇ ತುಂಬ್ಬೇಕು? ತಿನ್ನಾಕೇ ಒಲ್ಲೆ ಅಂತಾಳೆ, ನಾನೇ ಬಾಯಿಗಿಡ್ತೀನಿ."

"ಯಾವತ್ತಿಂದ?"

"ಕೆಳಗ್ಲ ಆಸ್ಪತ್ರೆಯಿಂದ ಬಂದಾಗ್ನಿಂದ. ಯಾಕ ಸಾರೇ, ತಪ್ಪಾಯ್ತಾ?"

ನರ್ಸ್ ನನ್ನತ್ತ ನೋಡಿದರು. ನಿನ್ನೆಯಿಂದ ಎದೆಯೊಳಗೆ ಹಿಡಿದುಕೊಂಡಿದ್ದ ಹೊನ್ನಿನ ಬಣ್ಣದ ಅಂಡ ಆ ಪಾತ್ರೆಯಲ್ಲಿ ಕುದಿಯುತ್ತಿರುವಂತೆ ಅನ್ನಿಸಿತು.

ಆದರೂ ಕೇಳಬೇಕಾದ್ದನ್ನು ಕೇಳಿದೆ. ಹಸಿ ಸೊಪ್ಪು ತಿನ್ನುತ್ತೀಯಾ? ಈ ಹುಳು ಮನುಷ್ಯರಿಗೆ ಬರುವುದು ಲಿವರ್‌ನಿಂದ ಅಲ್ಲ, ದನ ಮೇಯುವ ಜೌಗಿನ ನೀರಂಚಿನ ಹಸಿ ಎಲೆಯಿಂದ. ದನದ ಸಗಣಿಯಿಂದ ನೀರಿಗೆ, ನೀರಿನ ಬಸವನಹುಳುವಿಗೆ, ಅಲ್ಲಿಂದ ಎಲೆಗೆ.

"ಗದ್ದೇಲಿ ನಾಟಿ ಹಾಕೋವಾಗ ಎಲ್ಲಾರೂ ತಿಂತೀವಿ," ಎಂದಳು ಆಕೆ. ನಾನು ಕೇಳಿದ ಆಕೆಯ ಮೊದಲ ಮಾತು ಅದು. "ಬದೀಲಿರೋ ಒಂದೆಲಗ, ಉಪ್ಪೂ ಗಾಂಧಾರಿ ಮೆಣ್ಸೂ ಇಟ್ಕೊಂಡು."

"ಬಾಣಂತೀಲೂ ಕೊಟ್ಟೀನಿ," ಅತ್ತೆ ನಡುವೆ ಸೇರಿಸಿದಳು. "ದಿನಾ ಬೆಳಿಗ್ಗೆ ಅರ್ದು ರಸ. ಹಾಲಲ್ಲಿಳ್ದು ಮಗೂಗೆ ಬುದ್ಧಿ ಬರ್ಲಿ ಅಂತ."

ನಾನು ಸಂಜೆ ಆಸ್ಪತ್ರೆಗೆ ಮರಳಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ನಮ್ಮ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕರಾವಳಿಯಿಂದ ಬಂದವರು, ಮಾತಿಗಿಂತ ಹೆಚ್ಚು ಬರೆಯುವವರು. ಹಳೆಯ ರಿಜಿಸ್ಟರನ್ನೂ ಅವರ ಮುಂದಿಟ್ಟೆ. ಅವರು ನನ್ನ ಸಹಿಯನ್ನು ನೋಡಿದರು, ಪುಟ ಮುಚ್ಚಿದರು.

"ಎರಡು ದಾರಿ," ಎಂದರು. "ಶುಕ್ರವಾರ ಒಪ್ಪಿಸಿ ಸೂಜಿಗೆ ಕಳಿಸೋದು. ಇಲ್ಲಾ ಲಿವರ್ ನಿಲ್ಲಿಸಿ, ಏಳು ದಿನ ಬಿಟ್ಟು, ಮೂರು ದಿನ ಸಾಲಾಗಿ ಮಲ ನೋಡೋದು. ಆಗಲೂ ಮೊಟ್ಟೆ ಬಂದರೆ ಅದು ಆಕೆಯದೇ. ಆದರೆ ಅದು ಗಡ್ಡೆಯೇ ಆಗಿದ್ದರೆ ಹತ್ತು ದಿನ ನಾವು ಕಳೆದ ಹಾಗೆ."

ಕೆಳಗಿನ ಆಸ್ಪತ್ರೆಗೆ ಫೋನು ಮಾಡಿದರು. ಅಲ್ಲಿನವರು ಸಿಡುಕಲಿಲ್ಲ, ಹತ್ತು ದಿನದಿಂದ ದೊಡ್ಡ ವ್ಯತ್ಯಾಸವಾಗದು, ಹನ್ನೊಂದನೆಯ ದಿನ ತಪ್ಪಿಸಬೇಡಿ ಎಂದರು. ಉಳಿದದ್ದು, ಆಕೆಗೆ ಏನು ಹೇಳುವುದು ಎಂಬುದು. ಖಚಿತವಾಗುವವರೆಗೆ ಸುಮ್ಮನಿರೋಣ, ಆಸೆ ಹುಟ್ಟಿಸಿ ಕಿತ್ತುಕೊಳ್ಳುವುದು ಬೇಡ ಎಂಬುದು ಡಾಕ್ಟರ ಮಾತು. ಅದು ತಪ್ಪೆಂದು ನಾನು ಈಗಲೂ ಹೇಳಲಾರೆ. ಆದರೆ ನನಗೆ ಎದೆಗೆ ಹಚ್ಚಿದ ಆ ಚೆನ್ನಿನಾಯಕಂನ ನೆನಪು. ಸುಮ್ಮನಿದ್ದ ಪ್ರತಿ ದಿನವೂ ಆ ಮಗು ಒಂದು ದಿನದಷ್ಟು ತಾಯಿಯಿಂದ ದೂರ ಹೋಗುತ್ತದೆ. ನಾನೇ ಹೋಗಿ ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುತ್ತೇನೆ ಎಂದೆ. ಕೊನೆಗೆ ಅವರು ಒಪ್ಪಿದರು.

ಗುರುವಾರ ಮಧ್ಯಾಹ್ನ ಅದೇ ಗೋಡೆಯ ಬಳಿ ಕುಳಿತು ಹೇಳಿದೆ. ಹುಳುವಿರಬಹುದು, ಗಡ್ಡೆಯಿರಬಹುದು. ಹತ್ತು ದಿನ ಬೇಕು. ಮೂರು ತಿಂಗಳ ಹಿಂದೆ ಮೊಟ್ಟೆ ಇಲ್ಲವೆಂದು ಬರೆದುಕೊಟ್ಟವನು ನಾನೇ. ನೋಡಬೇಕಾದ ರೀತಿಯಲ್ಲಿ ನೋಡಿರಲಿಲ್ಲ.

ಆಕೆ ನನ್ನನ್ನೇ ನೋಡಿದಳು. "ಆವಾಗ ಇತ್ತಾ ಹಂಗಾರೆ?"

"ಗೊತ್ತಿಲ್ಲ. ಹುಳು ಮೈ ಸೇರಿ ಮೂರು ನಾಲ್ಕು ತಿಂಗಳಾದ ಮೇಲೇ ಮೊಟ್ಟೆ ಬರೋದು. ಆಗ ಇನ್ನೂ ಬಂದಿರಲಿಲ್ಲವೋ, ಬಂದಿದ್ದೂ ನನಗೆ ಕಾಣಲಿಲ್ಲವೋ."

"ನೀವೂ ಗೊತ್ತಿಲ್ಲ ಅಂತೀರಾ, ಕೆಳಗ್ನೋರೂ ಸೂಜಿ ಹಾಕ್ದೆ ಗೊತ್ತಾಗಕಿಲ್ಲ ಅಂದ್ರು," ಎಂದಳು. ತುಟಿಯಂಚಿನಲ್ಲಿ ನಗೆಯಂಥದ್ದೇನೋ ಇತ್ತು. "ಅವ್ರು ದೊಡ್ಡ ಬಿಲ್ಡಿಂಗಲ್ಲಿ ಕೂತ್ಕೊಂಡಂದ್ರು, ನೀವು ನೆಲ್ದಲ್ಲಿ ಕೂತ್ಕೊಂಡಂದ್ರಿ. ಅಷ್ಟೇ."

ಹಾಲಿನ ಮಾತನ್ನು ಎತ್ತಿದವರು ನರ್ಸ್. ಇನ್ನು ಆ ಕಹಿಯನ್ನು ತೊಳೆದುಬಿಡಬಾರದೇ ಎಂದರು. ಆಕೆ ಅಂಗಳದಾಚೆ ನೋಡಿದಳು. ಮಗು ಅಜ್ಜಿಯ ಕಿವಿಯ ಬಳೆಯಂಥ ಓಲೆಯನ್ನು ಎಳೆಯುತ್ತಿತ್ತು.

"ಬ್ಯಾಡ ಸಿಸ್ಟರೇ. ಹತ್ತು ದಿನ ಕಳೀಲಿ. ಒಂದ್ಸಲ ಅತ್ತು ಸುಮ್ಕಾಗ್ಯದೆ. ಎಲ್ಡ್ನೇ ಸಲ ಅಳ್ಸಾಕೆ ನನ್ಗಾಗಕಿಲ್ಲ."

ಲಿವರ್ ನಿಂತಿತು. ಅತ್ತೆ ಪಾತ್ರೆಯನ್ನು ಬೂದಿ ಹಾಕಿ ಎರಡು ಸಲ ಉಜ್ಜಿದಳೆಂದು ನರ್ಸ್ ಹೇಳಿದರು. ನಾನು ದಿನವೂ ಬಂದ ಬೇರೆಯವರ ರಕ್ತ, ಮೂತ್ರಗಳನ್ನು ನೋಡುತ್ತ ಕಳೆದೆ. ಸಂಜೆ ಹೊತ್ತು ಹಳೆಯ ರಿಜಿಸ್ಟರಿನಲ್ಲಿ ಇಯೊಸಿನೊಫಿಲ್ ಹೆಚ್ಚಿದ್ದ, ಮೊಟ್ಟೆ ಇಲ್ಲವೆಂದು ನಾನು ಬರೆದ ಹೆಸರುಗಳ ಪಟ್ಟಿ ಮಾಡಿದೆ. ಅವರೆಲ್ಲರನ್ನೂ ಆಮೇಲೆ ಕರೆಸಿ ನೋಡಿದೆವು. ಅದು ಬೇರೆ ಕೆಲಸ.

ಎಂಟನೆಯ ದಿನದ ಮಲದಲ್ಲಿ ಮೊಟ್ಟೆ ಇರಲಿಲ್ಲ. ತಳದ ಗಸಿಯನ್ನೆಲ್ಲ ಹದಿನಾಲ್ಕು ಪಟ್ಟಿಗಳ ಮೇಲೆ ಹಾಕಿ ಒಂದು ಹನಿಯನ್ನೂ ಬಿಡದೆ ನೋಡಿದೆ. ನೀಲಿ ಕಸ, ನೀಲಿ ನಾರು. ಡಾಕ್ಟರಿಗೆ ಹೇಳಿದಾಗ ಅವರು ಹನ್ನೊಂದನೆಯ ದಿನಕ್ಕೆ ಆಂಬುಲೆನ್ಸ್ ಬರೆಸಿಟ್ಟರು. ಪಶು ಇನ್‌ಸ್ಪೆಕ್ಟರು ಬಾಗಿಲಿಗೆ ಬಂದು, "ಹುಳು ದಿನಾ ಹಾಜರಿ ಹಾಕೋ ನೌಕರ ಅಲ್ಲಯ್ಯಾ. ನಾಳೆ ನೋಡು," ಎಂದು ಹೋದರು. ಆ ಮಾತನ್ನು ನಾನು ನಂಬಲಿಲ್ಲ.

ಒಂಬತ್ತನೆಯ ದಿನ ಮಾದರಿಯ ಜೊತೆ ಆಕೆಯೂ ಬಂದಳು. ನರ್ಸ್ ತಂದ ಜೀಪಿನಲ್ಲಿ ಅತ್ತೆ, ಮಗು, ಆಕೆ. ಯಾಕೆ ಬಂದೆ ಎಂದದ್ದಕ್ಕೆ, "ಒಂದ್ಸಲ ನಿಮ್ಗೆ ಕಾಣಿಸ್ಲಿಲ್ಲ. ಈ ಸಲ ನಾನೂ ಇರ್ತೀನಿ," ಎಂದಳು. ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕುಳಿತಿದ್ದಳು. ಗಸಿ ಇಳಿಯುವುದಕ್ಕೆ ಯಾರಿಗಾಗಿಯೂ ಅವಸರವಿಲ್ಲ.

ಆರನೆಯ ಪಟ್ಟಿ. ಎಡ ಅಂಚಿನ ಹತ್ತಿರ. ಮೊದಲು ಒಂದು, ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಇನ್ನೊಂದು. ಈ ಸಲ ಕೈಯನ್ನು ಮೇಜಿನಿಂದ ದೂರ ತೆಗೆದೆ. ಯಾರನ್ನೂ ಕೂಗಲಿಲ್ಲ. ನೂರರವರೆಗೆ ಮನಸ್ಸಿನಲ್ಲೇ ಎಣಿಸಿ, ಮತ್ತೆ ಕಣ್ಣಿಟ್ಟೆ. ಇದ್ದವು.

ಡಾಕ್ಟರು ನೋಡಿದರು. ರಸ್ತೆ ದಾಟಿ ಬಂದ ಇನ್‌ಸ್ಪೆಕ್ಟರು ನೋಡಿ, "ಬಂದ ನೋಡು ನೌಕರ," ಎಂದರು, ಕಣ್ಣೊರೆಸಿಕೊಂಡರು. ನರ್ಸ್ ನೋಡಿದರು. ಅತ್ತೆ ಒಂದು ಕಣ್ಣನ್ನು ಕೈಯಿಂದ ಮುಚ್ಚಿ ಬಗ್ಗಿ, ಬಹಳ ಹೊತ್ತು ಏನೂ ಕಾಣದೆ, ಆಮೇಲೆ ಕಂಡು, "ಜೇನಿನ ಬಣ್ಣ ಅದೆ," ಎಂದಳು. ತಿರುಗಿ ನನ್ನನ್ನು ಕೇಳಿದಳು, "ನಾನು ಅರ್ದುಕೊಟ್ಟ ರಸ್ದಲ್ಲಿ ಬಂತಾ ಸಾರೇ?"

"ಗದ್ದೆಯಲ್ಲೂ ತಿಂದಿದ್ದಾಳೆ, ಮನೆಯಲ್ಲೂ ಕುಡಿದಿದ್ದಾಳೆ. ಯಾವ ಎಲೆ ಅಂತ ಯಾರಿಗೂ ಹೇಳೋಕಾಗಲ್ಲ ಅಮ್ಮಾ. ಇನ್ನು ಮೇಲೆ ಬೇಯಿಸಿ."

ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಅದಕ್ಕಿಂತ ಹೆಚ್ಚಿನದು ಗೊತ್ತಿರಲಿಲ್ಲ.

ಕೊನೆಗೆ ನೋಡಿದವಳು ಆಕೆ. ಕಣ್ಣಿಟ್ಟು, ಉಸಿರು ಹಿಡಿದು, ನಿಂತೇ ಇದ್ದಳು. "ಇದು ನಂದಾ?" ಎಂದಳು. ಹೌದು ಎಂದೆ. ಆಗ ಆಕೆ ಪ್ರಯೋಗಾಲಯದ ಸಿಂಕಿನ ಬಳಿ ಹೋಗಿ, ನಮಗೆಲ್ಲ ಬೆನ್ನು ತಿರುಗಿಸಿ, ನಲ್ಲಿ ಬಿಟ್ಟು, ಸೆರಗಿನ ತುದಿಯನ್ನು ಒದ್ದೆ ಮಾಡಿ ಎದೆಯನ್ನು ಒರೆಸಿಕೊಳ್ಳತೊಡಗಿದಳು. ಡಾಕ್ಟರು ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡರು.

ಹತ್ತನೆಯ ದಿನವೂ ಮೊಟ್ಟೆ ಸಿಕ್ಕಿತು. ಆಂಬುಲೆನ್ಸ್ ಬೇಡವೆಂದು ತಿಳಿಸಿದೆವು. ಮಾತ್ರೆ ಮಾತ್ರ ಸುಲಭವಾಗಿ ಸಿಗಲಿಲ್ಲ. ಮನುಷ್ಯರಿಗೆ ಕೊಡುವ ಆ ಮಾತ್ರೆ ಜಿಲ್ಲೆಯಲ್ಲಿ ಯಾರ ಬಳಿಯೂ ಇರಲಿಲ್ಲ. ದನಕ್ಕೆ ಕುಡಿಸುವ ಅದೇ ಔಷಧಿಯ ಬಾಟಲಿಗಳು ಇನ್‌ಸ್ಪೆಕ್ಟರ ಕಪಾಟಿನಲ್ಲಿ ಸಾಲಾಗಿದ್ದವು. ಗಂಡ ಕಾವಲಿನ ಖಾಕಿಯಲ್ಲೇ ಬಂದು, "ಅದೇ ಮದ್ದಲ್ವಾ ಸಾರೇ, ಒಂದು ಮುಚ್ಚಳ ಕೊಡಿ," ಎಂದು ಬೇಡಿದ. ಡಾಕ್ಟರು ಕೊಡಗೊಡಲಿಲ್ಲ. ಅವರು ಎಲ್ಲೆಲ್ಲಿಗೆ ಬರೆದರೋ, ಪೊಟ್ಟಣ ಬರಲು ಹದಿಮೂರು ದಿನವಾಯಿತು. ಊಟದ ಮೇಲೆ ಎರಡು ಸಲ ಕೊಟ್ಟರು. ಮೂರನೆಯ ದಿನ ಸತ್ತ ಹುಳುಗಳು ಪಿತ್ತನಾಳದಲ್ಲಿ ಇಳಿಯುವಾಗ ಆಕೆ ನೋವಿಗೆ ಹೊರಳಾಡಿದಳು, ನಾವೆಲ್ಲ ಹೆದರಿದೆವು. ನಾಲ್ಕನೆಯ ದಿನ ಗಂಜಿ ಕೇಳಿದಳು.

ಹಾಲು ಮರಳಲಿಲ್ಲ. ಮಗು ಎಷ್ಟೋ ತಿಂಗಳು ಅಜ್ಜಿಯ ಪಕ್ಕದಲ್ಲೇ ಮಲಗುತ್ತಿತ್ತು, ತಾಯಿ ಎತ್ತಿಕೊಂಡರೆ ಮುಖವನ್ನು ಭುಜದಾಚೆ ಇಡುತ್ತಿತ್ತು. ಮರುಪರೀಕ್ಷೆಗೆ ಬಂದಾಗಲೆಲ್ಲ ನಾನು ಅದನ್ನು ನೋಡಿದ್ದೇನೆ. ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಮಚ್ಚೆಗಳು ಮಾಸಿದ್ದವು. ಅದೇ ದಿನ, ಬೆಂಚಿನ ಮೇಲೆ, ಮಗು ತಾನಾಗಿ ಆಕೆಯ ಮಡಿಲಲ್ಲಿ ತಲೆಯಿಟ್ಟು ನಿದ್ದೆಹೋಗಿತ್ತು. ನಾನು ರಿಪೋರ್ಟು ಹಿಡಿದುಕೊಂಡು ಬಾಗಿಲಲ್ಲೇ ನಿಂತೆ, ಕರೆಯಲಿಲ್ಲ.

ಆ ಒಂಬತ್ತನೆಯ ದಿನದ ಪಟ್ಟಿಯನ್ನು ನನ್ನ ಹೊರತಾಗಿ ಐದು ಜನ ನೋಡಿದ್ದಾರೆ. ಡಾಕ್ಟರು ವರ್ಗವಾಗಿ ಕರಾವಳಿಯಲ್ಲಿದ್ದಾರೆ. ಇನ್‌ಸ್ಪೆಕ್ಟರು ನಿವೃತ್ತರಾಗಿ ಪುಲ್ಪಳ್ಳಿಯಲ್ಲಿ ಮೆಣಸಿನ ಬಳ್ಳಿ ನೋಡಿಕೊಂಡಿದ್ದಾರೆ, ಕೇಳಿದರೆ ಹೇಳುತ್ತಾರೆ. ನರ್ಸ್ ಇಲ್ಲೇ ಇದ್ದಾರೆ. ಜೇನಿನ ಬಣ್ಣ ಎಂದ ಅತ್ತೆ ಹೋದ ವರ್ಷ ತೀರಿಕೊಂಡಳು. ಸೊಸೆ ಇದ್ದಾಳೆ.